ಯಲಬುರ್ಗಾ ಸೀಮೆಯ ಗಾಳಿಯಂತ್ರಗಳು: ಬಾವಲಿ, ಹಕ್ಕಿ, ಚಿಗರಿ

ಗಾಳಿಯಿಂದ ವಿದ್ಯುತ್ ತೆಗೆಯುವ ಯಂತ್ರಗಳು ಸುತ್ತಲಿನ ಜೀವಿಗಳನ್ನು ಎರಡು ಬಗೆಯಲ್ಲಿ ತಟ್ಟುತ್ತವೆ. ಹಾರುವ ಜೀವಿ ತಿರುಗುವ ಬ್ಲೇಡಿಗೆ ಸಿಕ್ಕಿ ಸಾಯುತ್ತದೆ, ನೆಲದ ಮೇಲಿನದು ಜಾಗ ಬಿಟ್ಟು ಸರಿಯುತ್ತದೆ. ಮೊದಲನೆಯದಕ್ಕೆ ಸಾಕ್ಷಿಯಾಗಿ ಹೆಣವಾದರೂ ಬೀಳುತ್ತದೆ. ಎರಡನೆಯದಕ್ಕೆ ಸಾಕ್ಷಿ ಹುಡುಕಲು ವರ್ಷಗಟ್ಟಲೆ ಹೆಜ್ಜೆ ಗುರುತು, ಹಿಕ್ಕೆ, ಗೂಡುಗಳ ಲೆಕ್ಕ ಇಡಬೇಕು. ಕರ್ನಾಟಕದಲ್ಲಿ ಈ ಲೆಕ್ಕ ಶುರುವಾಗುವ ಹೊತ್ತಿಗೆ ಕೊಪ್ಪಳ, ಗದಗ, ಚಿತ್ರದುರ್ಗ, ದಾವಣಗೆರೆ ಸೀಮೆಯ ಗುಡ್ಡ ಮತ್ತು ಎರೆಹೊಲಗಳಲ್ಲಿ ಫ್ಯಾನುಗಳು ಎದ್ದು ನಿಂತಾಗಿತ್ತು.

ಕೊಪ್ಪಳ ಜಿಲ್ಲೆಯ ಯಲಬುರ್ಗಾ, ಕುಕನೂರು, ಕುಷ್ಟಗಿ ತಾಲ್ಲೂಕುಗಳು ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿವೆ. ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸು. ಮುಂಗಾರಿನ ಮೋಡ ಇಲ್ಲಿಗೆ ಬರುವಷ್ಟರಲ್ಲಿ ಬರಿದಾಗಿರುತ್ತದೆ, ಗಾಳಿ ಮಾತ್ರ ಬಲವಾಗಿಯೇ ಬೀಸುತ್ತದೆ. ಎರೆಭೂಮಿಯಲ್ಲಿ ಬಿಳಿಜೋಳ, ಕಡಲೆ, ಮಸಾರಿಯಲ್ಲಿ ಶೇಂಗಾ, ಸಜ್ಜೆ. ಒಂದು ಕಾಲಕ್ಕೆ ಎರಂಬರಗೆಯ ಸಿಂದರು ಆಳಿದ ಈ ನಾಡನ್ನು, ಇಟಗಿಯ ಮಹಾದೇವ ದೇಗುಲ ಇರುವ ಈ ನಾಡನ್ನು, ಸರ್ಕಾರಿ ಕಡತಗಳು ಬಹುಕಾಲ ಬರದ ಸೀಮೆ ಎಂದಷ್ಟೇ ಗುರುತಿಸಿದವು. ಮರಗಳಿಲ್ಲದ ಬಯಲು ಖಾಲಿ ಜಾಗ ಎಂಬ ಎಣಿಕೆ ಅಲ್ಲಿಂದಲೇ ಹುಟ್ಟಿದ್ದು. ಆ ಎಣಿಕೆ ತಪ್ಪು. ಈ ಬಯಲಿನಲ್ಲಿ ಚಿಗರಿ (ಕೃಷ್ಣಮೃಗ) ಹಿಂಡುಗಳಿವೆ, ತೋಳ, ಕಪಲೆನರಿ, ಕಾಡುಬೆಕ್ಕುಗಳಿವೆ. ಚಳಿಗಾಲಕ್ಕೆ ಮಧ್ಯ ಏಷ್ಯಾದ ಕಡೆಯಿಂದ ಸೆಳೆವ ಹದ್ದುಗಳು ಬಂದು ಹೊಲದ ಮೇಲೆ ತಗ್ಗಿನಲ್ಲಿ ತೇಲುತ್ತಾ ಬೇಟೆಯಾಡುತ್ತವೆ. ಪಕ್ಕದ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಇಳಿಯುತ್ತವೆ. 2024ರಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿತು.

ಈ ಭಾಗದಲ್ಲಿ ಗಾಳಿ ವಿದ್ಯುತ್ತಿನ ಮೊದಲ ನೆಲೆ ಗದಗ ಜಿಲ್ಲೆಯ ಕಪ್ಪತಗುಡ್ಡ. 1990ರ ದಶಕದಲ್ಲಿ ಕರ್ನಾಟಕ ವಿದ್ಯುತ್ ನಿಗಮ ಅಲ್ಲಿ 225 ಮತ್ತು 230 ಕಿಲೋವಾಟಿನ ಚಿಕ್ಕ ಯಂತ್ರಗಳನ್ನು ನಿಲ್ಲಿಸಿತು. ಎಲ್ಲವೂ ಸೇರಿ ಐದು ಮೆಗಾವಾಟಿಗೂ ಕಡಿಮೆ. 1996ರಲ್ಲಿ ರಾಜ್ಯದ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಗಮ ಹುಟ್ಟಿಕೊಂಡ ಮೇಲೆ ಖಾಸಗಿ ಕಂಪನಿಗಳು ಬಂದವು. ಮೊದಲು ಗುಡ್ಡದ ನೆತ್ತಿಗಳು ತುಂಬಿದವು. ಕಂಬ ಎತ್ತರವಾಗಿ, ಬ್ಲೇಡ್ ಉದ್ದವಾದಂತೆ ಬಯಲಿನ ಗಾಳಿಯೂ ಲಾಭದ ಬಾಬತ್ತಾಯಿತು, ಯಂತ್ರಗಳು ಹೊಲಕ್ಕಿಳಿದವು. ಈಗ ಒಂದೊಂದು ಯಂತ್ರದ ಸಾಮರ್ಥ್ಯ 2ರಿಂದ 3 ಮೆಗಾವಾಟ್, ಪಂಖದ ಅಡ್ಡಳತೆ 120 ಮೀಟರಿಗೂ ಹೆಚ್ಚು. ಕೆಳಗೆ ನಿಂತವರಿಗೆ ನಿಧಾನ ತಿರುಗಿದಂತೆ ಕಂಡರೂ ಬ್ಲೇಡಿನ ತುದಿ ಗಂಟೆಗೆ 250 ಕಿಲೋಮೀಟರ್ ದಾಟುತ್ತದೆ. ಕೇಂದ್ರ ಸರ್ಕಾರ ಕೊಪ್ಪಳವನ್ನು 2,500 ಮೆಗಾವಾಟಿನ ಗಾಳಿ ಇಂಧನ ವಲಯವೆಂದು ಗುರುತಿಸಿ ವಿದ್ಯುತ್ ಸಾಗಣೆ ಜಾಲ ಯೋಜಿಸಿತು. ಜಿಲ್ಲೆಯ ಬಯಲಿನ ಚಹರೆ ಬದಲಾದದ್ದು ಆ ದಿನಗಳಲ್ಲಿ.

ಬಾವಲಿಗಳ ಸಾವು ಜಗತ್ತಿನ ಗಮನಕ್ಕೆ ಬಂದದ್ದು ತಡವಾಗಿ. ಗಾಳಿಯಂತ್ರದ ಬುಡದಲ್ಲಿ ಸತ್ತ ಬಾವಲಿಗಳು ಕಂಡುಬಂದ ಮೊದಲ ದಾಖಲೆ 1972ರಲ್ಲಿ ಆಸ್ಟ್ರೇಲಿಯಾದಿಂದ ಬಂತು, ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಆಲ್ಟಮಾಂಟ್ ಕಣಿವೆಯಲ್ಲಿ ಹೊನ್ನ ಹದ್ದುಗಳು ಸತ್ತಾಗ ಚರ್ಚೆಯೆಲ್ಲ ಹಕ್ಕಿಗಳ ಸುತ್ತಲೇ ನಡೆಯಿತು. 2003ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದ ಒಂದು ಬೆಟ್ಟಸಾಲಿನಲ್ಲಿ 44 ಯಂತ್ರಗಳ ಕೆಳಗೆ ಹುಡುಕಿದವರಿಗೆ ಹಕ್ಕಿಗಳಿಗಿಂತ ಬಾವಲಿಗಳೇ ಹೆಚ್ಚು ಸಿಕ್ಕವು. ಆ ಒಂದೇ ವರ್ಷದ ಸಾವು ಸಾವಿರ ಮೀರಿದ ಅಂದಾಜು ಹೊರಬಿದ್ದಾಗ ವಿಜ್ಞಾನಿಗಳೂ ಕಂಪನಿಗಳೂ ಬೆಚ್ಚಿದರು.

ಕತ್ತಲಲ್ಲಿ ಸೊಳ್ಳೆ ಹಿಡಿಯಬಲ್ಲ ಜೀವಿ ಇಷ್ಟು ದೊಡ್ಡ ಯಂತ್ರಕ್ಕೆ ಏಕೆ ಬಡಿಯುತ್ತದೆ? ಬಾವಲಿಯ ಪ್ರತಿಧ್ವನಿ ಮುಂದಿನ ಕೆಲವೇ ಮೀಟರಿನ ಸುದ್ದಿ ತರುತ್ತದೆ. ಮೇಲಿನಿಂದ ಬೀಸಿ ಬರುವ ಬ್ಲೇಡ್ ಆ ಅಳತೆಯೊಳಗೆ ಬಂದಾಗ ತಪ್ಪಿಸಿಕೊಳ್ಳಲು ಸಮಯ ಉಳಿದಿರುವುದಿಲ್ಲ. 2014ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಶಾಖ ಗುರುತಿಸುವ ಕ್ಯಾಮೆರಾ ಇಟ್ಟು ನೋಡಿತು. ಗಾಳಿ ಕಡಿಮೆಯಿದ್ದ ರಾತ್ರಿ ಬಾವಲಿಗಳು ಎತ್ತರದ ಮರವನ್ನು ಸುತ್ತುವ ಹಾಗೆಯೇ ಕಂಬವನ್ನು ಸುತ್ತುತ್ತಿದ್ದವು, ಅದೂ ಗಾಳಿಯ ಮರೆಯ ಬದಿಯಿಂದ. ಕೆನಡಾದ ಆಲ್ಬರ್ಟಾದಲ್ಲಿ ಸಿಕ್ಕ ಹೆಣಗಳನ್ನು ಕೊಯ್ದು ನೋಡಿ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಹತ್ತರಲ್ಲಿ ಒಂಬತ್ತಕ್ಕೆ ಒಳಗೇ ರಕ್ತಸ್ರಾವವಾಗಿತ್ತು. ಬ್ಲೇಡಿನ ಬಳಿ ಗಾಳಿಯ ಒತ್ತಡ ಥಟ್ಟನೆ ಕುಸಿದು ಶ್ವಾಸಕೋಶ ಒಡೆಯುತ್ತದೆ ಎಂಬ ವಿವರಣೆ ಆಗ ಬಂತು. ಮುಂದಿನ ಸಂಶೋಧನೆಗಳು ನೇರ ಹೊಡೆತಕ್ಕೇ ಹೆಚ್ಚು ತೂಕ ಕೊಟ್ಟಿವೆ.

ಬಾವಲಿಗೆ ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮರಿ. ಇಲಿಯಷ್ಟು ದೇಹ, ಆದರೆ ಆಯಸ್ಸು ಹತ್ತಾರು ವರ್ಷ. ಕಳೆದುಹೋದ ಸಂಖ್ಯೆಯನ್ನು ತುಂಬಿಕೊಳ್ಳುವ ವೇಗ ಅದಕ್ಕಿಲ್ಲ. ಉತ್ತರ ಅಮೆರಿಕದ ಹೋರಿ ಬಾವಲಿ ಗಾಳಿಯಂತ್ರಗಳಿಂದಾಗಿಯೇ 50 ವರ್ಷಗಳಲ್ಲಿ ಶೇ 90ರಷ್ಟು ಕುಸಿಯಬಹುದೆಂದು 2017ರ ಲೆಕ್ಕಾಚಾರವೊಂದು ಎಚ್ಚರಿಸಿತು.

ಭಾರತದ ಕಾನೂನು ಬಾವಲಿಯನ್ನು ಬಹಳ ವರ್ಷ ಕಡೆಗಣಿಸಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಐದನೇ ಪರಿಶಿಷ್ಟದಲ್ಲಿ ಹಣ್ಣುಬಾವಲಿಗಳು ಇಲಿ, ಕಾಗೆಗಳ ಸಾಲಿನಲ್ಲಿ ಉಪದ್ರವಕಾರಿ ಎನಿಸಿದ್ದವು. 2022ರ ತಿದ್ದುಪಡಿ ಆ ಪರಿಶಿಷ್ಟವನ್ನೇ ತೆಗೆಯಿತು. ಗಾಳಿಯಂತ್ರದಿಂದ ಬಾವಲಿ ಸತ್ತ ದಾಖಲೆ ಭಾರತದಲ್ಲಿ ಗುಜರಾತಿನ ಕಛ್‌ನಿಂದ 2013ರಲ್ಲಿ ಪ್ರಕಟವಾಯಿತು. ಕೋಲಾರದ ಹನುಮನಹಳ್ಳಿಯ ಗುಹೆಯೊಂದನ್ನೇ ನೆಚ್ಚಿಕೊಂಡ ಎಲೆಮೂಗಿನ ಬಾವಲಿಗೆ ಕುತ್ತು ಬಂದದ್ದು ಕಲ್ಲುಗಣಿಯಿಂದ. ಆದರೂ ಆ ಪ್ರಸಂಗ ಇಲ್ಲಿ ನೆನೆಯತಕ್ಕದ್ದು: ರಾಜ್ಯದ ಒಣ ಸೀಮೆಯ ಒಂದು ಬಂಡೆಸೀಳಿನಲ್ಲಿ ಇಡೀ ಜಗತ್ತಿನ ಒಂದು ಪ್ರಭೇದ ಉಳಿದಿರಬಹುದು.

ಯಲಬುರ್ಗಾಕ್ಕೆ ಸಮೀಪದಲ್ಲಿ ಹೆಣಗಳ ಲೆಕ್ಕ ಕ್ರಮವಾಗಿ ನಡೆದದ್ದು ಹರಪನಹಳ್ಳಿಯಲ್ಲಿ. ಆಗ ದಾವಣಗೆರೆ ಜಿಲ್ಲೆಗೆ ಸೇರಿದ್ದ ಈ ತಾಲ್ಲೂಕಿನಲ್ಲಿ ಮತ್ತು ಕಛ್‌ನ ಸಾಮಖಿಯಾಲಿಯಲ್ಲಿ 2011ರ ಅಕ್ಟೋಬರ್ ಮತ್ತು 2014ರ ಜುಲೈ ನಡುವೆ ಕೊಯಮತ್ತೂರಿನ ಸಲೀಂ ಅಲಿ ಪಕ್ಷಿವಿಜ್ಞಾನ ಕೇಂದ್ರದ ಸಂಶೋಧಕರು ಯಂತ್ರಗಳ ಬುಡ ಹುಡುಕಿದರು. ಕಛ್‌ನಲ್ಲಿ 47 ಹಕ್ಕಿ, ಹರಪನಹಳ್ಳಿಯಲ್ಲಿ 7 ಸಿಕ್ಕವು. ಬಿದ್ದ ಹೆಣವನ್ನು ನಾಯಿ, ನರಿ ರಾತ್ರೋರಾತ್ರಿ ಒಯ್ಯುತ್ತವೆ, ಹುಲ್ಲಿನಲ್ಲಿ ಕೆಲವು ಕಣ್ತಪ್ಪುತ್ತವೆ. ಇಂಥ ಲೋಪ ಸರಿದೂಗಿಸಿದ ಮೇಲೆ ಎರಡೂ ಕಡೆ ವರ್ಷಕ್ಕೆ ಯಂತ್ರವೊಂದಕ್ಕೆ ಸುಮಾರು 0.47 ಹಕ್ಕಿ ಎಂಬ ಅಂದಾಜು ಬಂತು. ಒಂದು ಯಂತ್ರಕ್ಕೆ ಇದು ಚಿಕ್ಕ ಸಂಖ್ಯೆ. ಸಾವಿರ ಯಂತ್ರ, ಇಪ್ಪತ್ತೈದು ವರ್ಷದ ಆಯುಷ್ಯ ಎಂದು ಗುಣಿಸಿದಾಗ ಚಿಕ್ಕದಾಗಿ ಉಳಿಯುವುದಿಲ್ಲ.

ಅದೇ ಕೇಂದ್ರದ ಎಚ್.ಎನ್. ಕುಮಾರ ಮತ್ತು ಸಂಗಡಿಗರು ಕರ್ನಾಟಕದ ಹಳೆಯ ಗಾಳಿ ವಿದ್ಯುತ್ ಸ್ಥಾವರಗಳಲ್ಲಿ ನಡೆಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯಕ್ಕೆ ದೊಡ್ಡ ತಿರುವು. ಅವರ ಲೆಕ್ಕದಲ್ಲಿ ಸಾವು ವರ್ಷಕ್ಕೆ ಯಂತ್ರವೊಂದಕ್ಕೆ 0.26 ಮಾತ್ರ. ಆದರೆ ಯಂತ್ರಗಳಿಲ್ಲದ ಜಾಗಕ್ಕೆ ಹೋಲಿಸಿದಾಗ ಯಂತ್ರಗಳಿರುವ ಜಾಗದಲ್ಲಿ ಹಕ್ಕಿಗಳ ಬಗೆಯೂ ಸಂಖ್ಯೆಯೂ ಕಡಿಮೆ. ಕೃಷ್ಣಮೃಗ, ಚಿಂಕಾರ, ನರಿ, ಕಾಡುಬೆಕ್ಕು ಯಂತ್ರಗಳ ಹತ್ತಿರ ಸುಳಿಯುವುದು ವಿರಳ. ಹೆಣ ಎಣಿಸಿ ಸಮಾಧಾನಪಟ್ಟುಕೊಳ್ಳುವ ಹಾಗಿಲ್ಲ ಎಂಬುದು ಇದರಿಂದ ಖಚಿತವಾಯಿತು.

ಯಲಬುರ್ಗಾ, ಕುಕನೂರಿನ ರೈತರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆಯೂ ಹೌದು. ಮೊಳಕೆಯೊಡೆದ ಹೆಸರು, ಕಡಲೆಯನ್ನು ಚಿಗರಿ ಮೇಯುತ್ತದೆಂದು ಅವರು ವರ್ಷ ವರ್ಷ ದೂರುತ್ತಾ ಬಂದಿದ್ದಾರೆ, ಜಿಂಕೆ ವನ ಮಾಡಿ ಎಂದು ಬೇಡಿಕೆ ಇಟ್ಟಿದ್ದಾರೆ. ಫ್ಯಾನುಗಳನ್ನು ಬಿಟ್ಟು ಸರಿದ ಹಿಂಡು ಎಲ್ಲಾದರೂ ಮೇಯಲೇಬೇಕು. ಫ್ಯಾನಿಗೆ ನೆಲ ಕೊಟ್ಟವರಿಗೆ ಹಣ ಬರುತ್ತದೆ, ಹಿಂಡು ಇಳಿಯುವುದು ನೆಲ ಕೊಡದವರ ಹೊಲಕ್ಕೂ ಇರಬಹುದು. ಯಂತ್ರಗಳ ಜಾಗ ಆರಿಸುವಾಗ ಈ ಮಾತು ಚರ್ಚೆಗೇ ಬರದಿರುವುದು ಅನ್ಯಾಯ.

ತೋಳದ ವಿಚಾರ ಇನ್ನೂ ಸೂಕ್ಷ್ಮ. ಗಂಗಾವತಿ ಸೀಮೆಯ ಬಂಕಾಪುರದ 332 ಹೆಕ್ಟೇರ್ ಕುರುಚಲು ಕಾಡನ್ನು ರಾಜ್ಯ ಸರ್ಕಾರ ತೋಳಗಳ ಧಾಮವಾಗಿ ಘೋಷಿಸಿದೆ. ತೋಳ ಅಷ್ಟರಲ್ಲಿ ಬದುಕುವ ಪ್ರಾಣಿಯಲ್ಲ, ಕುರಿಗಾಹಿಗಳ ದಾರಿ ಹಿಡಿದು ಬಯಲೆಲ್ಲ ತಿರುಗುತ್ತದೆ. ಪೋರ್ಚುಗಲ್ಲಿನಲ್ಲಿ ಗಾಳಿಯಂತ್ರ ಕಟ್ಟುವಾಗ ಮತ್ತು ನಂತರದ ಮೊದಲ ವರ್ಷಗಳಲ್ಲಿ ತೋಳಗಳು ಮರಿ ಹಾಕುವ ಜಾಗ ಬದಲಿಸಿದ್ದು, ಮರಿ ಹಾಕುವುದೂ ಕಡಿಮೆಯಾದದ್ದು ದಾಖಲಾಗಿದೆ. ಸದ್ದಿಗಿಂತ ಹೆಚ್ಚಾಗಿ, ಕಂಬಕ್ಕೊಂದು ರಸ್ತೆ ಆಗಿ ಜನ, ವಾಹನ ಓಡಾಡತೊಡಗುವುದು ಅಲ್ಲಿ ಕಾಡಿತು.

ಸಾತಾರಾ ಬಳಿಯ ಚಾಳ್ಕೆವಾಡಿಯ ಕಥೆ ಬೇರೆ ದಿಕ್ಕಿನದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಠಾಕರ್ ಮತ್ತು ಸಂಗಡಿಗರು 2018ರಲ್ಲಿ ತೋರಿಸಿದ್ದು ಇದು: ಯಂತ್ರಗಳಿರುವ ಪ್ರಸ್ಥಭೂಮಿಯಲ್ಲಿ ಬೇಟೆಹಕ್ಕಿಗಳು ನಾಲ್ಕು ಪಟ್ಟು ಕಡಿಮೆ, ಅವು ತಿನ್ನುವ ಓತಿಗಳು ಹೆಚ್ಚು. ಆ ಓತಿಗಳು ಮನುಷ್ಯ ಹತ್ತಿರ ಬಂದರೂ ಬೇಗ ಓಡುವುದಿಲ್ಲ, ಮೈ ಸೊರಗಿದೆ, ಗಂಡಿನ ಗಂಟಲ ಬಣ್ಣ ಮಂಕಾಗಿದೆ. ಹದ್ದು ಕೂರುವ ಜಾಗದಲ್ಲಿ ಯಂತ್ರ ಕೂತರೆ ಪರಿಣಾಮ ಕೆಳಗಿನ ಹುಲ್ಲಿನವರೆಗೆ ಇಳಿಯಬಹುದು.

ಯಂತ್ರದ ಜೊತೆ ಬರುವ ತಂತಿ ಇನ್ನೊಂದು ಅಪಾಯ. ಎದುರಿಗೆ ಸರಿಯಾಗಿ ಕಾಣದ, ತೂಕದ ಹಕ್ಕಿಯಾದ ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ತಂತಿಗೆ ಬಡಿದು ಸಾಯುತ್ತದೆ. ಅದರ ಕರ್ನಾಟಕದ ಕೊನೆಯ ನೆಲೆ ಬಳ್ಳಾರಿಯ ಸಿರುಗುಪ್ಪ, ಗಂಗಾವತಿಗೆ ನೆರೆಯದು. ರಾಜಸ್ಥಾನ, ಗುಜರಾತುಗಳಲ್ಲಿ ತಂತಿಗಳನ್ನು ನೆಲದಡಿ ಒಯ್ಯಲು ಸುಪ್ರೀಂ ಕೋರ್ಟ್ 2021ರಲ್ಲಿ ಆದೇಶಿಸಿ 2024ರಲ್ಲಿ ಅದನ್ನು ಸಡಿಲಿಸಿತು. ಸಿರುಗುಪ್ಪದ ಹಕ್ಕಿಗೆ ಆ ಆದೇಶದ ನೆರಳೂ ಇರಲಿಲ್ಲ. 2006ರ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆ ಕೂಡ ಗಾಳಿ ವಿದ್ಯುತ್ ಯೋಜನೆಗಳನ್ನು ಹೊರಗಿಟ್ಟಿದೆ. ಖಾಸಗಿ ಹೊಲದಲ್ಲಿ ಕಂಬ ಎದ್ದರೆ ಅಲ್ಲಿ ಯಾವ ಜೀವಿ ಇತ್ತೆಂದು ಮೊದಲೇ ಬರೆದಿಡುವ ಕಡ್ಡಾಯ ಆ ಅಧಿಸೂಚನೆಯಲ್ಲಿಲ್ಲ. ಕುಮಾರ ಅವರ ತಂಡ 2022ರಲ್ಲಿ ಕೇಳಿದ್ದು ಇದನ್ನೇ: ಮೊದಲು ಅಧ್ಯಯನ, ಆಮೇಲೆ ಯಂತ್ರ.

ಪರಿಹಾರಗಳಲ್ಲಿ ಬಾವಲಿಯದೇ ಅಗ್ಗದ್ದು. ಗಾಳಿ ಸೆಕೆಂಡಿಗೆ 3ರಿಂದ 3.5 ಮೀಟರ್ ವೇಗ ಮುಟ್ಟಿದಾಗ ಯಂತ್ರ ವಿದ್ಯುತ್ ಕೊಡತೊಡಗುತ್ತದೆ. ಬಾವಲಿಗಳು ಹೆಚ್ಚಾಗಿ ಹಾರುವುದೂ ಅಂಥ ಮಂದ ಗಾಳಿಯಲ್ಲೇ. ಪೆನ್ಸಿಲ್ವೇನಿಯಾದಲ್ಲಿ ರಾತ್ರಿ ಹೊತ್ತು ಯಂತ್ರ ಶುರುವಾಗುವ ವೇಗವನ್ನು 5 ಮತ್ತು 6.5 ಮೀಟರಿಗೆ ಏರಿಸಿದಾಗ ಬಾವಲಿಗಳ ಸಾವು ಶೇ 44ರಿಂದ 93ರಷ್ಟು ಇಳಿಯಿತು, ವರ್ಷದ ಉತ್ಪಾದನೆಯಲ್ಲಿ ಹೋದದ್ದು ಶೇ 1 ಅಥವಾ ಅದಕ್ಕೂ ಕಡಿಮೆ. ಹಗಲಿನ ಹಕ್ಕಿಗಳಿಗೆ ನಾರ್ವೆಯ ಸ್ಮೋಲಾದಲ್ಲಿ ಮೂರು ಬ್ಲೇಡುಗಳಲ್ಲಿ ಒಂದಕ್ಕೆ ಕಪ್ಪು ಬಣ್ಣ ಬಳಿದು ಸಾವನ್ನು ಶೇ 70ರಷ್ಟು ತಗ್ಗಿಸಿದರು.

ಕೊಪ್ಪಳ ಜಿಲ್ಲೆಯಲ್ಲಿ ಗಾಳಿ ವಿದ್ಯುತ್ತಿನ ಸುಗ್ಗಿ ಮುಂಗಾರಿನ ತಿಂಗಳುಗಳು. ಮಳೆ ಹಿಂದೆ ಸರಿದ ಮೇಲೆ, ಹಿಂಗಾರಿ ಕಡಲೆ ಹೂಬಿಡುವ ಹೊತ್ತಿಗೆ, ಮಂದಗಾಳಿಯ ರಾತ್ರಿಗಳು ಬರುತ್ತವೆ. ಕಾಯಿಕೊರಕದ ಪತಂಗ ಹಾರುವುದೂ ಆಗಲೇ. ಅಮೆರಿಕದ ಟೆಕ್ಸಾಸಿನಲ್ಲಿ ಇದರ ದಾಯಾದಿ ಪತಂಗವನ್ನೂ ಥಾಯ್ಲೆಂಡಿನಲ್ಲಿ ಭತ್ತದ ಜಿಗಿಹುಳುವನ್ನೂ ಬಾವಲಿಗಳು ತಿಂದು ರೈತರ ಖರ್ಚು ಉಳಿಸುವುದನ್ನು ಸಂಶೋಧಕರು ಅಳೆದಿದ್ದಾರೆ. ಅಮೆರಿಕದಲ್ಲಿ ರೋಗದಿಂದ ಬಾವಲಿಗಳು ಸತ್ತ ಜಿಲ್ಲೆಗಳಲ್ಲಿ ಕೀಟನಾಶಕದ ಬಳಕೆ ಶೇ 31ರಷ್ಟು ಏರಿತೆಂದು 2024ರಲ್ಲಿ ವರದಿಯಾಯಿತು. ಯಲಬುರ್ಗಾದ ಕಡಲೆ ಬೆಳೆಗಾರನೂ ಗಂಗಾವತಿಯ ಭತ್ತದ ಬೆಳೆಗಾರನೂ ಔಷಧಿ ಅಂಗಡಿಗೆ ಕೊಡುವ ದುಡ್ಡಿನಲ್ಲಿ ಬಾವಲಿಯ ಪಾಲು ಎಷ್ಟೆಂಬುದನ್ನು ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಲೆಕ್ಕ ಹಾಕಬೇಕು. ಗಾಳಿ ಮಂದವಿರುವ ರಾತ್ರಿ ಬ್ಲೇಡನ್ನು ನಿಲ್ಲಿಸಿಡಲು ಕಂಪನಿಗಳು ಯಂತ್ರದ ನಿಯಂತ್ರಣ ಪೆಟ್ಟಿಗೆಯಲ್ಲಿ ಬದಲಿಸಬೇಕಾದದ್ದು ಒಂದು ಅಂಕಿ.