ಇರುಳಿನ ತಂಪು ಮತ್ತು ಹಸುವಿನ ಉಷ್ಣದ ಲೆಕ್ಕ: ಕರ್ನಾಟಕದ ಮಿಶ್ರತಳಿ ರಾಸುಗಳ ಬೇಸಿಗೆ ನಿರ್ವಹಣೆ ಕುರಿತ ಒಂದು ಮರುವಿಚಾರ

ಬೇಸಿಗೆ ಬಲಿತಂತೆ ಡೈರಿಗೆ ಬರುವ ಹಾಲು ಕಡಿಮೆಯಾಗುವುದು ಕೋಲಾರ, ತುಮಕೂರು, ಮಂಡ್ಯ ಕಡೆಯ ಹೈನುಗಾರರಿಗೆ ಹೊಸ ಸಂಗತಿಯಲ್ಲ. ಹಸಿರು ಮೇವಿನ ಕೊರತೆ ಅದಕ್ಕೆ ಒಂದು ಕಾರಣ, ಧಗೆ ಇನ್ನೊಂದು. ಧಗೆಯ ವಿಚಾರದಲ್ಲಿ ನಮ್ಮ ಚರ್ಚೆಯೆಲ್ಲ ಮಧ್ಯಾಹ್ನದ ಗರಿಷ್ಠ ತಾಪಮಾನದ ಸುತ್ತಲೇ ನಡೆಯುತ್ತದೆ. ಪತ್ರಿಕೆಯಲ್ಲಿ 38 ಡಿಗ್ರಿ ಎಂದು ಬಂದ ದಿನ ಸಲಹೆಗಳು ಹೊರಬೀಳುತ್ತವೆ, 33 ಎಂದು ಬಂದ ದಿನ ಯಾರೂ ಮಾತಾಡುವುದಿಲ್ಲ. ಹಸುವಿನ ಮೈ ಈ ಲೆಕ್ಕ ಇಟ್ಟುಕೊಳ್ಳುವುದಿಲ್ಲ. ಹಗಲು ಎಷ್ಟು ಉಷ್ಣ ಒಳಗೆ ಸೇರಿತು, ಇರುಳು ಅದರಲ್ಲಿ ಎಷ್ಟು ಹೊರಹೋಯಿತು ಎಂಬ ಇಡೀ ದಿನದ ಜಮಾ-ಖರ್ಚೇ ಅದರ ಲೆಕ್ಕ. ಬಯಲುಸೀಮೆಯ ಮಟ್ಟಿಗಂತೂ ಇರುಳನ್ನು ಬಿಟ್ಟು ಮಾಡಿದ ಬೇಸಿಗೆ ನಿರ್ವಹಣೆ ಅರೆಬರೆ ಎಂಬುದು ಈ ಲೇಖನದ ವಾದ.

ಧಗೆಯನ್ನು ಅಳೆಯಲು ಪಶುವಿಜ್ಞಾನಿಗಳು ಬಳಸುವುದು ಉಷ್ಣತೆ, ಆರ್ದ್ರತೆ ಎರಡನ್ನೂ ಸೇರಿಸಿದ ಟಿಎಚ್‌ಐ ಸೂಚ್ಯಂಕವನ್ನು. 1959ರಲ್ಲಿ ಅಮೆರಿಕದ ಥಾಮ್ ಮನುಷ್ಯರ ಅಸೌಖ್ಯವನ್ನು ಅಳೆಯಲೆಂದು ರೂಪಿಸಿದ ಸೂತ್ರ ಅದು. ಮಿಸ್ಸೌರಿ ವಿಶ್ವವಿದ್ಯಾಲಯದಲ್ಲಿ ಹವೆಯನ್ನು ಹತೋಟಿಯಲ್ಲಿಟ್ಟ ಕೋಣೆಗಳೊಳಗೆ ಹಸುಗಳನ್ನು ಕಟ್ಟಿ ನಡೆಸಿದ ಪ್ರಯೋಗಗಳಿಂದ ಅದು ಹೈನುರಾಸುಗಳಿಗೂ ಅನ್ವಯವಾಯಿತು. 72 ದಾಟಿದರೆ ಒತ್ತಡ ಶುರು ಎಂಬುದು ಬಹುಕಾಲ ಎಲ್ಲರೂ ಒಪ್ಪಿದ ಮಾತು. ಬಹಳ ಹಾಲು ಕೊಡುವ ಹಸುಗಳನ್ನು ಅಭ್ಯಸಿಸಿದ ಅರಿಜೋನಾದ ಸಂಶೋಧಕರು 2009ರಲ್ಲಿ ಆ ಗೆರೆಯನ್ನು 68ಕ್ಕೆ ಇಳಿಸಿದರು.

1971ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಪ್ರಕಟಿಸಿದ ಸೂತ್ರಕ್ಕೆ ನಮ್ಮ ಎರಡು ಸೀಮೆಗಳ ಗಾಳಿಯನ್ನು ಹಾಕಿ ನೋಡೋಣ. ರಾಯಚೂರಿನ ಒಣ ಮಧ್ಯಾಹ್ನ, 38 ಡಿಗ್ರಿ, ಆರ್ದ್ರತೆ ಶೇ. 25 ಇದ್ದರೆ ಸೂಚ್ಯಂಕ 82.9. ಮಂಗಳೂರಿನ ಕಡೆ ಬರೀ 30 ಡಿಗ್ರಿ, ಆರ್ದ್ರತೆ ಶೇ. 80 ಇದ್ದರೆ ಅದೂ 82.9. ಎಂಟು ಡಿಗ್ರಿಯ ಅಂತರವಿದ್ದರೂ ಸೂಚ್ಯಂಕ ಒಂದೇ. ಈಗ ರಾತ್ರಿಯ ಲೆಕ್ಕ. ಕೋಲಾರದಂಥ ಎತ್ತರದ ಸೀಮೆಯಲ್ಲಿ 22 ಡಿಗ್ರಿಗೆ ಇಳಿದು ಆರ್ದ್ರತೆ ಶೇ. 70 ಇದ್ದರೆ ಸೂಚ್ಯಂಕ 69. ಕರಾವಳಿಯಲ್ಲಿ 26 ಡಿಗ್ರಿ, ಶೇ. 85 ಇದ್ದರೆ 77. ಅಲ್ಲಿನ ಹಸುವಿಗೆ ಬೇಸಿಗೆಯ ರಾತ್ರಿಯೂ ಹೊರೆಯೇ. ಕೋಲಾರದ ಹಸುವಿಗೆ ರಾತ್ರಿಯ ಬಿಡುವಿದೆ, ಅದನ್ನು ಪಡೆಯಲು ನಾವು ಅವಕಾಶ ಕೊಡಬೇಕಷ್ಟೆ.

ಈ ಸೂಚ್ಯಂಕವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. 24 ಡಿಗ್ರಿ, ಶೇ. 65 ಆರ್ದ್ರತೆಯ ಹಿತವಾದ ಬೆಂಗಳೂರು ಹವೆಗೂ ಅದು 72 ಎನ್ನುತ್ತದೆ. ಅರಿಜೋನಾದ 68ರ ಗೆರೆಯನ್ನು ಹಾಗೆಯೇ ತಂದರೆ ನಮ್ಮ ಹಸುಗಳು ವರ್ಷದ ಬಹುಪಾಲು ಸಂಕಟದಲ್ಲಿವೆ ಎನ್ನಬೇಕಾಗುತ್ತದೆ. ಹಾಲು ಹೆಚ್ಚಿದಷ್ಟೂ ಹಸುವಿನ ಒಳಗೆ ಹುಟ್ಟುವ ಶಾಖವೂ ಹೆಚ್ಚು. ದಿನಕ್ಕೆ ಹತ್ತು ಲೀಟರ್ ಕೊಡುವ ನಮ್ಮ ಮಿಶ್ರತಳಿಗೂ ಮೂವತ್ತೈದು ಲೀಟರ್ ಕೊಡುವ ಅಲ್ಲಿನ ಹೋಲ್‌ಸ್ಟೀನ್‌ಗೂ ಒಂದೇ ಗೆರೆ ಎಳೆಯುವುದು ಸರಿಯಲ್ಲ. ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು: ಸೂತ್ರದಲ್ಲಿ ಬಿಸಿಲಿಗೂ ಗಾಳಿಯ ಓಟಕ್ಕೂ ಜಾಗವಿಲ್ಲ. ಕಾದ ತಗಡಿನ ಮಾಡು ಕೆಳಗೆ ನಿಂತ ಹಸುವಿನ ಬೆನ್ನಿನ ಮೇಲೆ ಸುರಿಸುವ ಶಾಖವನ್ನು ಅದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಫ್ಲಾರಿಡಾದಲ್ಲಿ 1981ರಲ್ಲಿ ಬಫಿಂಗ್ಟನ್ ಮತ್ತು ಸಂಗಡಿಗರು ಕಪ್ಪು ಗೋಳದ ತಾಪಮಾನ ಬಳಸಿ ಬೇರೊಂದು ಸೂಚ್ಯಂಕ ರೂಪಿಸಿದ್ದು ಇದೇ ಕಾರಣಕ್ಕೆ.

ಹಾಗಾಗಿ ನನ್ನ ಮಟ್ಟಿಗೆ ನಂಬಬಹುದಾದ ಅಳತೆ ಹಸುವಿನ ಅಳ್ಳೆಯೇ. ಅದು ಏರಿಳಿಯುವುದನ್ನು ಒಂದು ನಿಮಿಷ ಎಣಿಸಬೇಕು. ಉಸಿರು 60 ಮೀರಿದರೆ ಒತ್ತಡವಿದೆ ಎಂಬುದರಲ್ಲಿ ಹೆಚ್ಚಿನ ತಕರಾರಿಲ್ಲ. ಮಧ್ಯಾಹ್ನ ಎರಡಕ್ಕೆ ಎಣಿಸುವುದು ವಾಡಿಕೆ. ಬೆಳಗಿನ ಜಾವ, ಹಾಲು ಕರೆಯಲು ಕೂರುವ ಮೊದಲು ಎಣಿಸಿದರೆ ಹೆಚ್ಚು ತಿಳಿಯುತ್ತದೆ. ಆ ಹೊತ್ತಿಗೂ ಹಸು ತೇಕುತ್ತಿದ್ದರೆ ರಾತ್ರಿ ಅದರ ಮೈ ತಣಿದಿಲ್ಲ, ಮರುದಿನದ ಬಿಸಿಲನ್ನು ಅದು ಹಳೆಯ ಬಾಕಿಯ ಮೇಲೆ ಹೊರಬೇಕು. ಜಾರ್ಜಿಯಾದಲ್ಲಿ ವೆಸ್ಟ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಾಲಿನ ಇಳುವರಿಯ ಮೇಲೆ ಹೆಚ್ಚು ಪರಿಣಾಮ ಕಂಡದ್ದು ಎರಡು ದಿನ ಹಿಂದಿನ ಸೂಚ್ಯಂಕದ್ದು. ಮಂಗಳವಾರ ಹಾಲು ಕಡಿಮೆಯಾದರೆ ಸೋಮವಾರದ ಹಿಂಡಿಯನ್ನು ದೂರುವ ಬದಲು ಭಾನುವಾರದ ಹವೆಯನ್ನು ನೆನೆಯಬೇಕು.

ಹಾಲು ಇಳಿಯುವುದೇಕೆ? ಸೆಖೆಗೆ ಹಸು ಮೇವು ಬಿಡುತ್ತದೆ, ಅದರಿಂದ ಹಾಲು ಇಳಿಯುತ್ತದೆ ಎಂಬುದು ಹಳೆಯ ಉತ್ತರ. ಅರಿಜೋನಾ ವಿಶ್ವವಿದ್ಯಾಲಯದಲ್ಲಿ ತಂಪಿನಲ್ಲಿದ್ದ ಹಸುಗಳಿಗೆ, ಸೆಖೆಯಲ್ಲಿದ್ದವು ತಿಂದಷ್ಟೇ ಮೇವು ಅಳೆದು ಹಾಕಿದ ಪ್ರಯೋಗಗಳು ಈ ಉತ್ತರವನ್ನು ಅಲುಗಿಸಿದವು. ಹಾಲಿನ ಇಳಿಕೆಯಲ್ಲಿ ಮೇವಿನ ಪಾಲು ಹೆಚ್ಚೆಂದರೆ ಅರ್ಧ. ಉಳಿದದ್ದು ದೇಹದೊಳಗಿನ ಬದಲಾವಣೆಯ ಫಲ: ಸೆಖೆಯಲ್ಲಿ ಇನ್ಸುಲಿನ್ ಏರುತ್ತದೆ, ಹಸು ತನ್ನ ಕೊಬ್ಬನ್ನು ಕರಗಿಸಿ ಹಾಲಿಗೆ ಒದಗಿಸಲಾರದಾಗುತ್ತದೆ. ಇದರ ಜೊತೆಗೆ ಏದುಸಿರಿನಿಂದ ರಕ್ತದ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ, ಸರಿದೂಗಿಸಲು ಮೂತ್ರಪಿಂಡ ಬೈಕಾರ್ಬೊನೇಟನ್ನು ಹೊರಹಾಕುತ್ತದೆ, ಜೊಲ್ಲು ಬಾಯಿಂದ ಸುರಿದುಹೋಗುತ್ತದೆ, ಮೆಲುಕು ತಗ್ಗುತ್ತದೆ. ಹೊಟ್ಟೆಯ ಹುಳಿಯನ್ನು ತಡೆಯಬೇಕಾದ ಕ್ಷಾರವೇ ಇಲ್ಲವಾದಾಗ ಹಾಲಿನ ಫ್ಯಾಟ್ ಕುಸಿಯುತ್ತದೆ. ಫ್ಯಾಟ್ ಮತ್ತು ಎಸ್‌ಎನ್‌ಎಫ್ ನೋಡಿ ದರ ಕಟ್ಟುವ ನಮ್ಮ ವ್ಯವಸ್ಥೆಯಲ್ಲಿ ಹೈನುಗಾರನಿಗೆ ಹೊಡೆತ ಎರಡು ಕಡೆಯಿಂದ. ನೀರು ಬೆರೆಸಿದನೆಂಬ ಅನುಮಾನವನ್ನೂ ಅವನು ಹೊರಬೇಕಾಗುತ್ತದೆ.

ಮೇವಿನ ವಿಚಾರದಲ್ಲಿ ಹೊಸದಾಗಿ ಹೇಳುವುದು ಕಡಿಮೆ. ಅಡುಗೆ ಸೋಡಾ, ಖನಿಜ ಮಿಶ್ರಣ ಈಗ ಎಲ್ಲರಿಗೂ ಗೊತ್ತು. ಹಸುವಿನ ಬೆವರಿನಲ್ಲಿ ಹೆಚ್ಚಾಗಿ ಹೋಗುವುದು ಪೊಟ್ಯಾಸಿಯಂ, ಬರೀ ಕಲ್ಲುಪ್ಪು ಕೊಟ್ಟರೆ ಸಾಲದು ಎಂಬುದು ಮಾತ್ರ ಅಷ್ಟಾಗಿ ಪ್ರಚಾರವಾಗಿಲ್ಲ. ಒಣಹುಲ್ಲು ಹೊಟ್ಟೆಯಲ್ಲಿ ಹುದುಗುವಾಗ ಹುಟ್ಟುವ ಶಾಖ ತಿಂದ ಕೆಲವು ಗಂಟೆಗಳ ಬಳಿಕ ಏರುತ್ತದೆ. ಬೆಳಿಗ್ಗೆ ಹತ್ತಕ್ಕೆ ಗೋದಲಿ ತುಂಬ ರಾಗಿಹುಲ್ಲು ಹಾಕಿದರೆ ಒಳಗಿನ ಕಾವೂ ಹೊರಗಿನ ಕಾವೂ ಒಂದೇ ಹೊತ್ತಿಗೆ ಕೂಡುತ್ತವೆ. ಮೇವಿನ ದೊಡ್ಡ ಪಾಲನ್ನು ಸಂಜೆ ಏಳರ ಮೇಲೆ ಹಾಕುವುದು ಖರ್ಚಿಲ್ಲದ ಉಪಾಯ. ನೀರಿನ ಮಾತೂ ಹೀಗೆಯೇ. ಬೆಳಿಗ್ಗೆ ಸಂಜೆ ಎರಡು ಬಕೆಟ್ ಕಲಗಚ್ಚು ಇಡುವ ಪದ್ಧತಿ, ದಿನಕ್ಕೆರಡು ಲೀಟರ್ ಕೊಡುತ್ತಿದ್ದ ನಾಟಿ ಹಸುವಿನ ಕಾಲದ್ದು. ಹಾಲಿನಲ್ಲೇ ನೂರಕ್ಕೆ ಎಂಬತ್ತೇಳು ಪಾಲು ನೀರು. ಬಾನಿಯಲ್ಲಿ ರಾತ್ರಿಯೂ ನೀರಿರಬೇಕು.

ಈಗ ಕೊಟ್ಟಿಗೆ. ಬಯಲುಸೀಮೆಯಲ್ಲಿ ಇಂದು ಕಾಣುವ ಸಾಮಾನ್ಯ ಕೊಟ್ಟಿಗೆ ಮೂರು ಕಡೆ ಗೋಡೆ, ತಗ್ಗಾದ ಶೀಟಿನ ಮಾಡು, ರಾತ್ರಿ ಮುಚ್ಚುವ ಬಾಗಿಲು ಇರುವಂಥದ್ದು. ಹಗಲೆಲ್ಲ ಕಾದ ಗೋಡೆ ಕತ್ತಲಾದ ಮೇಲೂ ಶಾಖ ಬಿಡುತ್ತದೆ, ಹಸುಗಳ ಉಸಿರಿನ ತೇವ ಒಳಗೇ ಉಳಿಯುತ್ತದೆ. ಹೊರಗೆ ಸೂಚ್ಯಂಕ 69 ಇದ್ದರೂ ಒಳಗೆ ಕರಾವಳಿಯ ಹವೆ. ಇದಕ್ಕೆ ರೈತನ ಅಜ್ಞಾನವನ್ನು ದೂರುವುದು ಸುಲಭ, ಆದರೆ ನ್ಯಾಯವಲ್ಲ. ತುಮಕೂರು, ರಾಮನಗರದ ಕಡೆ ಚಿರತೆಯ ಭಯ ನಿಜವಾದದ್ದು. ಲಕ್ಷದ ಹತ್ತಿರ ಬೆಲೆಬಾಳುವ ಹಸುವನ್ನು ಬಯಲಲ್ಲಿ ಕಟ್ಟಿ ಮಲಗಲು ಯಾರಿಗೆ ಧೈರ್ಯ? ಕಳ್ಳರು, ಸೊಳ್ಳೆ ಬೇರೆ. ರಾತ್ರಿ ಹಸುವನ್ನು ಹೊರಗೆ ಕಟ್ಟಿ ಎಂದಷ್ಟೇ ಹೇಳುವ ಸಲಹೆ ಈ ಕಾರಣಕ್ಕೇ ಮೂಲೆಗೆ ಬೀಳುತ್ತದೆ. ಗೋಡೆಯನ್ನು ಸೊಂಟದೆತ್ತರಕ್ಕೆ ನಿಲ್ಲಿಸಿ ಮೇಲೆ ಗಟ್ಟಿ ಜಾಲರಿ ಹಾಕಿದರೆ ಗಾಳಿಯೂ ಆಡುತ್ತದೆ, ಚಿರತೆಯೂ ಒಳಬಾರದು. ಕೊಟ್ಟಿಗೆ ಕಟ್ಟಲು ಸಿಗುವ ಸಹಾಯಧನದ ನಕ್ಷೆಗಳಲ್ಲಿ ಈ ಒಂದು ತಿದ್ದುಪಡಿಯಾದರೆ ಹತ್ತು ಕರಪತ್ರಗಳಿಗಿಂತ ಹೆಚ್ಚು ಪ್ರಯೋಜನ. ಮಾಡಿನ ಮೇಲೆ ಸುಣ್ಣ ಬಳಿಯುವುದು, ಸೋಗೆ ಹೊದಿಸುವುದು, ಉದ್ದವನ್ನು ಪೂರ್ವ-ಪಶ್ಚಿಮಕ್ಕೆ ಇಡುವುದು ಹಗಲಿನ ಜಮೆಯನ್ನು ತಗ್ಗಿಸುತ್ತವೆ.

ನೀರು ಚಿಮುಕಿಸುವುದರಲ್ಲಿ ಸೀಮೆಯ ಭೇದ ಎದ್ದು ಕಾಣುತ್ತದೆ. ಒಂದು ಲೀಟರ್ ನೀರು ಚರ್ಮದಿಂದ ಆವಿಯಾಗುವಾಗ ಸುಮಾರು 580 ಕಿಲೋಕ್ಯಾಲರಿ ಶಾಖ ಒಯ್ಯುತ್ತದೆ. ಕೆಲಸ ಮಾಡುವುದು ಆವಿ, ತೇವವಲ್ಲ. ದೊಡ್ಡ ಹನಿಯಿಂದ ಚರ್ಮದ ತನಕ ನೆನೆಸಿ, ನೀರು ನಿಲ್ಲಿಸಿ, ಫ್ಯಾನಿನ ಗಾಳಿಯಲ್ಲಿ ಒಣಗಲು ಬಿಟ್ಟು ಮತ್ತೆ ನೆನೆಸಬೇಕು. ಮಂಜಿನಂಥ ತುಂತುರು ಕೂದಲಿನ ತುದಿಯಲ್ಲೇ ನಿಂತು ಮೈಯ ಶಾಖವನ್ನು ತಡೆಹಿಡಿಯಬಹುದು. ಕಲಬುರಗಿಯ ಒಣ ಗಾಳಿಯಲ್ಲಿ ಅದೇ ತುಂತುರು ಕೊಟ್ಟಿಗೆಯ ಗಾಳಿಯನ್ನು ತಣಿಸೀತು. ಉಡುಪಿಯಲ್ಲಿ ಈಗಾಗಲೇ ತೇವ ತುಂಬಿದ ಗಾಳಿಗೆ ಇನ್ನಷ್ಟು ತೇವ ಸೇರಿಸಿದಂತಾಗುತ್ತದೆ. ಅಲ್ಲಿ ಮೊದಲು ಬೇಕಾದದ್ದು ಫ್ಯಾನು, ಅದೂ ರಾತ್ರಿಯಿಡೀ.

ತಳಿಯೇ ಪರಿಹಾರವೆನ್ನುವವರಿದ್ದಾರೆ. ಹಳ್ಳಿಕಾರ್, ಮಲೆನಾಡು ಗಿಡ್ಡದಂಥ ನಾಟಿ ರಾಸುಗಳ ನುಣುಪಾದ ಗಿಡ್ಡ ಕೂದಲು, ಹೆಚ್ಚು ಬೆವರುಗ್ರಂಥಿಗಳು ಧಗೆಗೆ ಹೇಳಿಮಾಡಿಸಿದವು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಹಾಲಿನ ದುಡ್ಡಿನಲ್ಲಿ ಮನೆ ನಡೆಸುವವರು ಅವಕ್ಕೆ ಮರಳುತ್ತಾರೆಂಬುದು ನನಗೆ ಹಗಲುಗನಸಾಗಿ ತೋರುತ್ತದೆ. ಕೆರಿಬಿಯನ್ನಿನ ಸೆನೆಪೋಲ್ ತಳಿಯ ನುಣುಪುಗೂದಲಿನ ವಂಶವಾಹಿಯನ್ನು ಹೋಲ್‌ಸ್ಟೀನ್‌ಗೆ ತಂದ ಕೆಲಸ ನಮ್ಮ ತಳಿ ಅಭಿವೃದ್ಧಿಗೆ ಹೆಚ್ಚು ಹತ್ತಿರದ ದಾರಿ.

ಗರ್ಭಧಾರಣೆಯ ನಷ್ಟ ಹಾಲಿನ ನಷ್ಟಕ್ಕಿಂತ ದೊಡ್ಡದೆಂದೇ ನನ್ನ ಅಂದಾಜು. ಬೇಸಿಗೆಯಲ್ಲಿ ಬೆದೆ ಮೂಕಾಗುತ್ತದೆ, ಕಂಡರೂ ರಾತ್ರಿಯ ತಂಪಿನಲ್ಲಿ. ಭ್ರೂಣಕ್ಕೆ ಮೊದಲ ಒಂದೆರಡು ದಿನಗಳ ಸೆಖೆ ಮಾರಕ, ಆಮೇಲೆ ಅದು ಗಟ್ಟಿಯಾಗುತ್ತ ಹೋಗುತ್ತದೆ. ಅಂಡ ಬಲಿಯಲು ವಾರಗಟ್ಟಲೆ ಹಿಡಿಯುವುದರಿಂದ ಮೇ ತಿಂಗಳ ಪೆಟ್ಟು ಮಳೆ ಬಿದ್ದ ಜೂನ್, ಜುಲೈನಲ್ಲೂ ಕಾಣಬಹುದು. ಆಗ ಇಂಜೆಕ್ಷನ್ ನಿಲ್ಲಲಿಲ್ಲವೆಂದು ಬೈಗುಳ ತಿನ್ನುವವರು ಕೃತಕ ಗರ್ಭಧಾರಣೆ ಮಾಡಿದವರು.

ಎಲ್ಲಕ್ಕಿಂತ ಕಡೆಗಣನೆಗೆ ಒಳಗಾದದ್ದು ಬತ್ತಿದ ಗಬ್ಬದ ಹಸು. ಹಾಲು ಕೊಡದ್ದರಿಂದ ಅದಕ್ಕೆ ಕೊಟ್ಟಿಗೆಯ ಬಿಸಿ ಮೂಲೆ, ಕೆಲವೊಮ್ಮೆ ಮರದ ನೆರಳೂ ಇಲ್ಲದ ಗೂಟ. ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಡಾಲ್ ಮತ್ತು ಸಂಗಡಿಗರು ವರ್ಷಗಟ್ಟಲೆ ನಡೆಸಿದ ಅಧ್ಯಯನಗಳ ಪ್ರಕಾರ, ಬತ್ತುಗಾಲದಲ್ಲಿ ತಣ್ಣಗಿಟ್ಟ ಹಸು ಮುಂದಿನ ಸೂಲಿನಲ್ಲಿ ಹೆಚ್ಚು ಹಾಲು ಕೊಡುತ್ತದೆ. ಸೆಖೆಯಲ್ಲಿ ಬೆಂದ ಹಸುವಿನ ಹೊಟ್ಟೆಯಲ್ಲಿದ್ದ ಹೆಣ್ಣುಕರು ತಾನು ಬೆಳೆದು ಕರು ಹಾಕಿದಾಗಲೂ ಕಡಿಮೆ ಹಾಲು ಕೊಡುತ್ತದೆ. ಒಂದೇ ಫ್ಯಾನಿರುವ ಮನೆಯಲ್ಲಿ ಅದನ್ನು ಕರೆಯುವ ಹಸುವಿನ ಎದುರಿಗೆ ತೂಗುಹಾಕುವುದು ಸಹಜ. ಅದನ್ನು ಎರಡು ಮೊಳ ಸರಿಸಿ, ಗಬ್ಬದ ಹಸುವನ್ನು ಅದರ ಪಕ್ಕಕ್ಕೆ ಕಟ್ಟಿದರೆ ಗಾಳಿ ಎರಡಕ್ಕೂ ತಾಗುತ್ತದೆ.