ಅಷ್ಟಾಂಗವೈದ್ಯದಲ್ಲಿ ವಿಶೇಷಜ್ಞತೆ ಮತ್ತು ಅನುಜ್ಞೆ

ಕಣ್ಣಿಗೊಬ್ಬ, ಮಕ್ಕಳಿಗೊಬ್ಬ, ಶಸ್ತ್ರಕ್ರಿಯೆಗೊಬ್ಬ ಎಂಬ ವೈದ್ಯರ ವಿಂಗಡಣೆಯನ್ನು ಆಧುನಿಕ ಕಾಲದ ಸೃಷ್ಟಿಯೆಂದು ಭಾವಿಸುವುದು ರೂಢಿ. ಕನ್ನಡ ನಾಡಿನ ಜೈನ ವೈದ್ಯಪರಂಪರೆಯು ಈ ಭಾವನೆಯನ್ನು ಪರಿಷ್ಕರಿಸುವಂತೆ ಮಾಡುತ್ತದೆ.

ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಮಾಂಸಭಕ್ಷಣವನ್ನು ವೈದ್ಯದೃಷ್ಟಿಯಿಂದಲೇ ಖಂಡಿಸಿದ ಉಗ್ರಾದಿತ್ಯಾಚಾರ್ಯರ ಸಂಸ್ಕೃತ ಕೃತಿ ‘ಕಲ್ಯಾಣಕಾರಕ’. 1940ರಲ್ಲಿ ಸೊಲ್ಲಾಪುರದಿಂದ ಪ್ರಕಟವಾದ ಈ ಗ್ರಂಥದ ಒಂದು ಶ್ಲೋಕವು ಪೂರ್ವಾಚಾರ್ಯರನ್ನು ಅವರವರ ಅಂಗದೊಡನೆ ಹೆಸರಿಸುತ್ತದೆ: ಕಣ್ಣು, ಕಿವಿ, ಮೂಗು ಮೊದಲಾದವುಗಳ ಶಾಲಾಕ್ಯಕ್ಕೆ ಪೂಜ್ಯಪಾದರು, ಶಲ್ಯತಂತ್ರಕ್ಕೆ ಪಾತ್ರಸ್ವಾಮಿ, ವಿಷ ಹಾಗೂ ಗ್ರಹಶಮನಕ್ಕೆ ಸಿದ್ಧಸೇನರು, ಕಾಯಚಿಕಿತ್ಸೆಗೆ ದಶರಥಗುರುಗಳು, ಶಿಶುವೈದ್ಯಕ್ಕೆ ಮೇಘನಾದರು, ವಾಜೀಕರಣ-ರಸಾಯನಗಳಿಗೆ ಸಿಂಹನಾದರು. ಎಂಟೂ ಅಂಗಗಳನ್ನು ವಿಸ್ತಾರವಾಗಿ ಹೇಳಿದವರು ಸಮಂತಭದ್ರರು. ಅದನ್ನೇ ತಾನು ಸಂಗ್ರಹಿಸಿರುವುದಾಗಿ ಉಗ್ರಾದಿತ್ಯರು ಹೇಳಿಕೊಳ್ಳುತ್ತಾರೆ.

ಇಲ್ಲಿ ಎಚ್ಚರ ಅಗತ್ಯ. ಶ್ಲೋಕವು ಸಾರುವುದು ಶಾಸ್ತ್ರದ ವಿಭಾಗವನ್ನು, ವೃತ್ತಿಯ ವಿಭಾಗವನ್ನಲ್ಲ. ಶಾಲಾಕ್ಯವನ್ನು ಬರೆದವರು ಅನ್ಯ ರೋಗಗಳನ್ನು ಮುಟ್ಟುತ್ತಿರಲಿಲ್ಲವೆಂದು ಇದರಿಂದ ಸಿದ್ಧವಾಗದು. ವೃತ್ತಿಯ ಮೇರೆಗೆ ಸಾಕ್ಷ್ಯ ಬೇರೆಡೆ ಇದೆ. ಗುಲ್ಮವು ಪಕ್ವವಾದಾಗ ಶಸ್ತ್ರಕ್ರಿಯೆಯ ಅಧಿಕಾರ ಧಾನ್ವಂತರೀಯರದು ಎಂದು ಕಾಯಚಿಕಿತ್ಸೆಯ ಚರಕಸಂಹಿತೆಯೇ ಒಪ್ಪುತ್ತದೆ. ‘ಅಧಿಕಾರ’ ಎಂಬ ಪದವೇ ಇಲ್ಲಿ ಗಮನಾರ್ಹ.

ಕನ್ನಡದಲ್ಲಿಯೂ ಏಕವಿಷಯದ ಗ್ರಂಥಗಳು ಹುಟ್ಟಿದವು. ಕೀರ್ತಿವರ್ಮನ ‘ಗೋವೈದ್ಯ’ ದನಗಳಿಗೆ, ದೇವೇಂದ್ರಮುನಿಯ ‘ಬಾಲಗ್ರಹಚಿಕಿತ್ಸೆ’ ಮಕ್ಕಳಿಗೆ, 14ನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ ವಿಷಚಿಕಿತ್ಸೆಗೆ ಮೀಸಲು. ಮೂವರೂ ಜೈನರು.

ಇನ್ನು ಅರ್ಹತೆಯನ್ನು ನಿರ್ಣಯಿಸುವವರು ಯಾರು? ಶಾಸ್ತ್ರವನ್ನೋದಿ, ಕರ್ಮವನ್ನು ಕಂಡು, ಅಭ್ಯಾಸ ಮಾಡಿ, ರಾಜನ ಅನುಜ್ಞೆ ಪಡೆದವನೇ ವೃತ್ತಿಗೆ ಇಳಿಯಬೇಕೆಂಬುದು ಸುಶ್ರುತಸಂಹಿತೆಯ ವಿಧಿ. ಕುವೈದ್ಯನು ತಿರುಗಾಡುವುದು ಅರಸನ ದೋಷದಿಂದ ಎಂದೂ ಅದು ಹೇಳುತ್ತದೆ. ಆದರೆ ಈ ಅನುಜ್ಞೆ ವೈದ್ಯವೃತ್ತಿಗೆ. ಯಾವುದೋ ಒಂದು ಅಂಗಕ್ಕಲ್ಲ.

ಅಂಗವಿಭಾಗ ಮತ್ತು ಅನುಜ್ಞೆ ಎಂಬ ಈ ಎರಡು ಎಳೆಗಳು ಕೂಡಿದ್ದು ಬಹಳ ತಡವಾಗಿ. ಅಮೆರಿಕದಲ್ಲಿ 1916ರಲ್ಲಿ ನೇತ್ರವೈದ್ಯರು ಮೊದಲ ವಿಶೇಷಜ್ಞ ಪರೀಕ್ಷಾಮಂಡಳಿಯನ್ನು ಕಟ್ಟಿದರು. ಅನುಜ್ಞೆ ನೀಡುವವನು ಅರಸನಲ್ಲ, ಸಮವೃತ್ತಿಯವರೇ ಆದರು. ಭಾರತದ ರಾಷ್ಟ್ರೀಯ ಪರೀಕ್ಷಾ ಮಂಡಳಿ 1982ರದು. ಇತ್ತ ಅಗಡಿ, ಹಾವೇರಿಗಳಿದ್ದ ಅಂದಿನ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಆ ಪ್ರಾಂತ್ಯದ 1938ರ ವೈದ್ಯವೃತ್ತಿ ಕಾಯಿದೆಯು ದೇಶೀಯ ವೈದ್ಯರನ್ನು ನೋಂದಣಿಗೆ ಒಳಪಡಿಸಿತು. ಗುರುವಿನ ಮಾತೇ ಪ್ರಮಾಣವಾಗಿದ್ದ ಪರಂಪರೆಗೆ ದಾಖಲೆಪುಸ್ತಕದ ಹೆಸರು ಪ್ರಮಾಣವಾಯಿತು.

ಪೂಜ್ಯಪಾದ, ಪಾತ್ರಸ್ವಾಮಿಗಳ ಯೋಗ್ಯತೆಗೆ ಉಳಿದಿರುವುದು ಉತ್ತರಕಾಲೀನ ವೈದ್ಯನೊಬ್ಬನ ಕೃತಜ್ಞತೆಯ ಶ್ಲೋಕ. ಸಮವೃತ್ತಿಯವನ ಮನ್ನಣೆಯೇ ಪ್ರಮಾಣಪತ್ರವೆಂಬ ಆಧುನಿಕ ತತ್ತ್ವದ ಬೀಜವನ್ನು ಅದರಲ್ಲಿ ಕಾಣಬಹುದು.