ಅರಿಶಿನ, ಮುರುಗಲು ಮತ್ತು ಜಕ್ಕೂರಿನ ಪ್ರಯೋಗಾಲಯ

ಅರಿಶಿನ ತಿಂದರೆ ಕ್ಯಾನ್ಸರ್ ವಾಸಿಯಾಗುತ್ತದೆ ಎಂಬ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತದೆ. ಗಂಗಾವತಿ ಸೀಮೆಯ ಮರಳಿಯಂಥ ಊರುಗಳಿಗೂ ಅದು ಬಂದು ಮುಟ್ಟಿದೆ. ಈ ಮಾತಿನ ಹಿಂದೆ ನಿಜವಾದ ವಿಜ್ಞಾನವೂ ಒಂದಿಷ್ಟಿದೆ. ಅದರ ಮುಖ್ಯ ಪಾಲೊಂದು ನಡೆದದ್ದು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ, ತಪಸ್ ಕುಮಾರ್ ಕುಂಡು ಅವರ ಪ್ರಯೋಗಾಲಯದಲ್ಲಿ. ಆದರೆ ಅಲ್ಲಿ ಕಂಡುಕೊಂಡದ್ದು ಬೇರೆಯೇ ಸಂಗತಿ.

ನಮ್ಮ ಒಂದೊಂದು ಜೀವಕೋಶದಲ್ಲೂ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಇರುತ್ತದೆ. ಹಿಸ್ಟೋನ್ ಎಂಬ ಪ್ರೋಟೀನುಗಳ ಮೇಲೆ ಅದು ನೂಲಿನಂತೆ ಸುತ್ತಿಕೊಂಡಿರುತ್ತದೆ. ಸುತ್ತು ಬಿಗಿಯಾದಲ್ಲಿ ಜೀನ್ ಸುಮ್ಮನಿರುತ್ತದೆ, ಸಡಿಲಾದಲ್ಲಿ ಕೆಲಸಕ್ಕಿಳಿಯುತ್ತದೆ. ಹಿಸ್ಟೋನಿಗೆ ಅಸಿಟೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಅಂಟಿಕೊಳ್ಳುವುದಕ್ಕೂ ಜೀನುಗಳ ಚಟುವಟಿಕೆಗೂ ನಂಟಿದೆ ಎಂದು 1964ರಲ್ಲೇ ನ್ಯೂಯಾರ್ಕಿನ ವಿನ್ಸೆಂಟ್ ಆಲ್‌ಫ್ರೀ ಸೂಚಿಸಿದ್ದರು. ಅದನ್ನು ಅಂಟಿಸುವ ಕಿಣ್ವಗಳ ಗುರುತು ಸಿಕ್ಕಿದ್ದು 1996ರ ಹೊತ್ತಿಗೆ. ಪಿ300 ಅವುಗಳಲ್ಲೊಂದು.

ಕುಂಡು ಈ ದಾರಿಗೆ ಬಂದದ್ದು ಕ್ಯಾನ್ಸರಿನಿಂದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರ ಗುರು ಎಂ.ಆರ್.ಎಸ್. ರಾವ್. 1948ರಲ್ಲಿ ಮೈಸೂರಿನಲ್ಲಿ ಹುಟ್ಟಿ 2023ರಲ್ಲಿ ತೀರಿಕೊಂಡ ರಾವ್ ಅವರು, ವೀರ್ಯಾಣು ರೂಪುಗೊಳ್ಳುವಾಗ ಹಿಸ್ಟೋನುಗಳು ಜಾಗ ಬಿಟ್ಟುಕೊಟ್ಟು ಬೇರೆ ಪ್ರೋಟೀನುಗಳು ಬಂದು ಕೂರುವ ಬಗೆಯನ್ನು ವರ್ಷಗಟ್ಟಲೆ ಇಲಿಗಳಲ್ಲಿ ಅಭ್ಯಾಸ ಮಾಡಿದವರು. ಹಾಗೆ ಬಂದು ಕೂರುವ ಟಿಪಿ2 ಎಂಬ ಪ್ರೋಟೀನು ಸತುವಿನ ನೆರವಿನಿಂದ ಡಿಎನ್‌ಎಯ ಕೆಲವು ಭಾಗಗಳನ್ನು ಗುರುತಿಸುತ್ತದೆ ಎಂದು ಗುರುಶಿಷ್ಯರು 1996ರಲ್ಲಿ ಪ್ರಕಟಿಸಿದರು. ಇದರಿಂದ ಯಾವ ರೋಗ ವಾಸಿಯಾಗುತ್ತದೆ ಎಂದು ಆಗ ಯಾರಾದರೂ ಕೇಳಿದ್ದರೆ ಹೇಳಲು ಉತ್ತರವಿರುತ್ತಿರಲಿಲ್ಲ. (ಪಿಎಚ್‌ಡಿ ಮಾಡುವವರಿಗೆಲ್ಲ ಈ ಪ್ರಶ್ನೆಯ ಪರಿಚಯ ಚೆನ್ನಾಗಿಯೇ ಇದೆ.)

ಮುಂದೆ ನ್ಯೂಯಾರ್ಕಿನಲ್ಲಿ ರಾಬರ್ಟ್ ರೋಡರ್ ಅವರ ಬಳಿ ಪಿ300ರ ಮೇಲೆ ಕೆಲಸ ಮಾಡಿದ ಕುಂಡು, ಜಕ್ಕೂರಿಗೆ ಬಂದ ಮೇಲೆ ಅದನ್ನು ತಡೆಯುವ ಅಣುಗಳನ್ನು ಹುಡುಕತೊಡಗಿದರು. ಸಿಕ್ಕಿದ್ದು ನಮ್ಮ ಅಂಗಳದಲ್ಲೇ. 2003ರಲ್ಲಿ ಗೇರು ಬೀಜದ ಸಿಪ್ಪೆಯ ಎಣ್ಣೆಯಲ್ಲಿರುವ ಅನಕಾರ್ಡಿಕ್ ಆಮ್ಲ. 2004ರಲ್ಲಿ ಮುರುಗಲು ಹಣ್ಣಿನ, ಅಂದರೆ ಕರಾವಳಿಯವರ ಪುನರ್ಪುಳಿಯ, ಗಾರ್ಸಿನಾಲ್. ಅದೇ ವರ್ಷ ಅರಿಶಿನದ ಕರ್ಕ್ಯುಮಿನ್. ಸುದ್ದಿಗೆ ಇಷ್ಟು ಸಾಕಾಯಿತು. ಸಂಶೋಧಕರಿಗೆ ಇವು ಬೀಗಕ್ಕೆ ಹಾಕಿ ನೋಡುವ ಕೀಲಿಗಳಷ್ಟೇ: ಪಿ300 ನಿಂತರೆ ಯಾವ ಜೀನ್ ಸುಮ್ಮನಾಗುತ್ತದೆ, ಕೋಶಕ್ಕೆ ಏನಾಗುತ್ತದೆ ಎಂದು ತಿಳಿಯುವ ಸಾಧನ. ಪಿ300 ಆರೋಗ್ಯವಂತ ಕೋಶಕ್ಕೂ ಬೇಕಾದದ್ದು. ಅದರ ಜೀನ್ ಕಳೆದುಕೊಂಡ ಇಲಿಮರಿ ಹುಟ್ಟುವ ಮೊದಲೇ ಸಾಯುತ್ತದೆ. ಆದ್ದರಿಂದ ಬರೀ ತಡೆದರೆ ಆಗದು, ಎಲ್ಲಿ ತಡೆಯಬೇಕು, ಎಷ್ಟು ತಡೆಯಬೇಕು ಎಂಬುದು ಗೊತ್ತಾಗಬೇಕು.

ಈ ದಾಖಲೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು 2010ರ ಪ್ರಬಂಧ. ಅದರ ವಿಷಯ ಬಾಯಿಯ ಕ್ಯಾನ್ಸರ್. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಆಮೇಲೆ ಪಾನ್ ಮಸಾಲೆ ಒಂದು ಪ್ಯಾಕೆಟ್ಟಿನಲ್ಲಿ, ತಂಬಾಕು ಇನ್ನೊಂದರಲ್ಲಿ ಬಂದು, ಬಾಯಲ್ಲಿ ಎರಡೂ ಕೂಡಿಕೊಂಡವು. ಬಾಯಿಯ ಕ್ಯಾನ್ಸರ್ ನಮ್ಮ ಕಡೆಯ ಓದುಗರಿಗೆ ದೂರದ ರೋಗವಲ್ಲ. ರೋಗಿಗಳ ಗಡ್ಡೆಯ ಅಂಗಾಂಶದಲ್ಲಿ ಹಿಸ್ಟೋನುಗಳ ಮೇಲೆ ಅಸಿಟೈಲ್ ಗುರುತುಗಳು ಮಿತಿಮೀರಿರುವುದನ್ನು ಕುಂಡು ಅವರ ತಂಡ ಕಂಡಿತು. ಕ್ಯಾನ್ಸರ್ ಕೋಶಗಳಲ್ಲಿ ನೈಟ್ರಿಕ್ ಆಕ್ಸೈಡ್ ಹೆಚ್ಚಾಗಿ ತಯಾರಾಗುತ್ತದೆ. ಅದರ ಪ್ರಭಾವದಲ್ಲಿ ಎರಡು ಪ್ರೋಟೀನುಗಳು ಪಿ300ಗೆ ಕುಮ್ಮಕ್ಕು ಕೊಡುತ್ತವೆ. ಅವುಗಳಲ್ಲಿ ಒಂದು, ಸಕ್ಕರೆ ಒಡೆಯುವ ಕೆಲಸಕ್ಕೆ ಹೆಸರಾದ ಜಿಎಪಿಡಿಎಚ್. ಮನೆಗೆಲಸದ್ದೆಂದು ಜೀವರಸಾಯನಶಾಸ್ತ್ರದವರು ಬದಿಗಿಟ್ಟಿದ್ದ ಕಿಣ್ವ ಇಲ್ಲಿ ಕಾಣಿಸಿಕೊಂಡದ್ದು ಸಣ್ಣ ಸಂಗತಿಯಲ್ಲ.

ಕರ್ಕ್ಯುಮಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ರಕ್ತಕ್ಕೂ ಅಷ್ಟಾಗಿ ಸೇರುವುದಿಲ್ಲ. ಹಾಗಾಗಿ ತಂಡ ಅದರ ರಚನೆಯನ್ನೇ ಬದಲಾಯಿಸಿ, ನೀರಿನಲ್ಲಿ ಕರಗುವ ಸಿಟಿಕೆ7ಎ ಎಂಬ ಅಣುವನ್ನು ಮಾಡಿಕೊಂಡಿತು. ಮನುಷ್ಯರ ಬಾಯಿ ಕ್ಯಾನ್ಸರಿನ ಕೋಶಗಳನ್ನು ಹಾಕಿ ಬೆಳೆಸಿದ ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆಯನ್ನು ತಗ್ಗಿಸಿದ್ದು ಈ ಅಣು, ಹಾಲಿಗೆ ಹಾಕುವ ಅರಿಶಿನವಲ್ಲ.